ಪ್ರಿಂಟರ್ ಇನ್ನೂ ಸತ್ತಿಲ್ಲ

ಮೇಷ್ಟ್ರು: ಸತ್ತಿಲ್ಲ ಅಂತ ಹೇಳ್ತಾ ಇದೀನಲ್ಲ ಮೇಡಂ. ಸ್ವಲ್ಪ ಸುಸ್ತಾಗಿದೆ, ಅಷ್ಟೇ.

ಸ್ಟೋರಮ್ಮ: ಸುಸ್ತಾ? ನನ್ನ ಕೂದಲು ಕಪ್ಪಿದ್ದಾಗಿನಿಂದ ಇದು ಸುಸ್ತಾಗೇ ಇದೆ ಸರ್.

ಮೇಷ್ಟ್ರು: ಒಂದು ಬೆಲ್ಟ್ ಬದಲಾಯಿಸಿದ್ರೆ ಎದ್ದು ಕೂರುತ್ತೆ.

ಸ್ಟೋರಮ್ಮ: ಹೋದ ಸಲ ಹಲ್ಲಿನ ಚಕ್ರ ಅಂದ್ರಿ. ಅದಕ್ಕೂ ಮುಂಚೆ ಸ್ಪ್ರಿಂಗ್ ಅಂದ್ರಿ. ಇಷ್ಟೆಲ್ಲಾ ಬದಲಾಯಿಸಿದ ಮೇಲೆ ಇದರಲ್ಲಿ ಇದರದ್ದು ಅಂತ ಏನು ಉಳಿಯುತ್ತೆ?

ಮೇಷ್ಟ್ರು: ಗುಣ.

ಇಬ್ಬರ ನಡುವೆ, ವಿಶ್ವವಿದ್ಯಾಲಯದ ಉಗ್ರಾಣದ ಹೊಸ್ತಿಲ ಮೇಲೆ, ಜಗಳದ ವಸ್ತು ಗಟ್ಟಿಯಾಗಿ ಕೂತಿತ್ತು. ಹಳೆಯ ಕಾಲದ ಪ್ರಿಂಟರು. ಅಗಲ ಬೆನ್ನು, ಗಿಡ್ಡ ಮೈ, ನಾಲ್ಕು ರಬ್ಬರ್ ಪಾದ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಮೇಷ್ಟ್ರು ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು.

ಮೇಷ್ಟ್ರು ಎಂದರೆ ಎಲೆಕ್ಟ್ರಾನಿಕ್ಸ್ ವಿಭಾಗದ ಪ್ರೊಫೆಸರು. ಉಳಿದ ಪ್ರೊಫೆಸರುಗಳು ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಓಡಾಡುವ ಮನುಷ್ಯ. ಸ್ಟೋರಮ್ಮ ಎಂದರೆ ಉಗ್ರಾಣದ ಮೇಲ್ವಿಚಾರಕಿ, ಮೇಲಾಗಿ ಮೇಷ್ಟ್ರ ಹೆಂಡತಿಯ ಸ್ವಂತ ತಂಗಿ. ಕೆಲಸದ ಜಾಗದಲ್ಲಿ ನೆಂಟಸ್ತನ ತೋರಿಸಬಾರದೆಂದು ಇಬ್ಬರೂ 'ಸರ್' 'ಮೇಡಂ' ಎನ್ನುತ್ತಿದ್ದರು. ಸಿಟ್ಟು ಏರಿದಾಗ ಮಾತ್ರ 'ಸರ್' ಹೋಗಿ 'ಭಾವ' ಬರುತ್ತಿತ್ತು; ಅದನ್ನು ಕೇಳಿಸಿಕೊಂಡೇ ಓಣಿಯಲ್ಲಿ ಹೋಗುವವರು ಒಳಗಿನ ಬಿಸಿ ಎಷ್ಟೆಂದು ಅಂದಾಜು ಮಾಡುತ್ತಿದ್ದರು.

ಸ್ಟೋರಮ್ಮನ ಸಂಕಟ ಸಣ್ಣದಲ್ಲ. ಉಗ್ರಾಣ ಹೆಸರಿಗೆ ಅವಳದು, ಕೂರುವುದು ಮಾತ್ರ ಎದುರಿನ ಮೆಟ್ಟಿಲ ಕೆಳಗೆ. ಕೆಟ್ಟ ಕಂಪ್ಯೂಟರು, ಒಡೆದ ಮಾನಿಟರು, ಹೊಟ್ಟೆ ಉಬ್ಬಿದ ಬ್ಯಾಟರಿ, ಕುರುಡಾದ ಪ್ರೊಜೆಕ್ಟರು, ಯಾವುದಕ್ಕೆ ಸೇರಿದ್ದೆಂದು ದೇವರಿಗೂ ಗೊತ್ತಿಲ್ಲದ ತಂತಿಯ ಗಂಟು, ಎಲ್ಲವನ್ನೂ ಎಲ್ಲ ವಿಭಾಗದವರೂ 'ಸ್ವಲ್ಪ ದಿನ ಇಟ್ಟಿರಿ' ಎಂದು ತಂದು ಸುರಿದು, ಕೊನೆಗೆ ಅವಳ ಮೇಜು ಕುರ್ಚಿಯನ್ನೇ ಹೊರಗೆ ದಬ್ಬಿದ್ದರು. ಮೆಟ್ಟಿಲ ಕೆಳಗೆ ಕೂತೂ ಕೂತೂ ಅವಳಿಗೆ ಮನುಷ್ಯರ ಮುಖಕ್ಕಿಂತ ಅವರ ಚಪ್ಪಲಿಯ ಸದ್ದೇ ಚೆನ್ನಾಗಿ ಗೊತ್ತಿತ್ತು. ಉಗ್ರಾಣಕ್ಕೆ ಒಂದು ಕಿಟಕಿ ಇದೆ ಎಂದು ಕಟ್ಟಡದ ನಕ್ಷೆ ಹೇಳುತ್ತಿತ್ತು. ಮಾನಿಟರುಗಳ ರಾಶಿಯ ಹಿಂದಿದ್ದ ಆ ಕಿಟಕಿಯನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ದೇವರನ್ನು ನಂಬಿದ ಹಾಗೆ ನಂಬಿದ್ದಳು.

ಈ ಕಸವನ್ನು ಬೀದಿಯ ಗುಜರಿಗೆ ಹಾಕುವಂತಿಲ್ಲ. ಅಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುತ್ತಾರೆ, ಗಾಜು ಒಡೆದು ಚೆಲ್ಲುತ್ತಾರೆ, ವಿಷವೆಲ್ಲ ಗಾಳಿಗೆ, ನೀರಿಗೆ. ಇದಕ್ಕೆಂದೇ ಪರವಾನಗಿ ಪಡೆದವರ ಲಾರಿ ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಬರುತ್ತದೆ, ಈ ದಿನ ಬರುವುದಿತ್ತು. ಈ ಸಲವೂ ಲಾರಿ ಬರಿದಾಗಿ ಹೋದರೆ ಉಗ್ರಾಣವನ್ನು ಶಾಶ್ವತವಾಗಿ ಕಸಕ್ಕೇ ಬರೆದುಕೊಟ್ಟು ಬಾಗಿಲಿಗೆ ಫಲಕ ಹೊಡೆಸುತ್ತೇನೆ ಎಂದು ಕುಲಸಚಿವರು ಹೇಳಿಬಿಟ್ಟಿದ್ದರು. ಹಾಗಾದರೆ ಸ್ಟೋರಮ್ಮ ನಿವೃತ್ತಿಯವರೆಗೂ ಮೆಟ್ಟಿಲ ಕೆಳಗೇ.

ಯಾವುದು ಸತ್ತಿದೆ, ಯಾವುದಕ್ಕೆ ಜೀವವಿದೆ ಎಂದು ಹೇಳುವ ಅಧಿಕಾರ ಮೇಷ್ಟ್ರದು. ಜೀವ ಇರುವುದು ಯಾವುದಾದರೂ ಶಾಲೆಗೆ, ಸತ್ತದ್ದು ಲಾರಿಗೆ. ಹಿಂದಿನ ಸಂಜೆ ಸ್ಟೋರಮ್ಮ ಅವರ ಕೈಗೆ ಕೆಂಪು ಚೀಟಿಯ ಒಂದು ಸುರುಳಿ, ಹಸಿರು ಚೀಟಿಯ ಒಂದು ಸುರುಳಿ ಕೊಟ್ಟು, ಹೋಗೋದಕ್ಕೆ ಒಂದು ಬಣ್ಣ, ಇರೋದಕ್ಕೆ ಒಂದು ಬಣ್ಣ ಎಂದಿದ್ದಳು. ಯಾವುದಕ್ಕೆ ಯಾವುದು ಎಂದು ಹೇಳಬೇಕೆಂದು ಅವಳಿಗೆ ತೋಚಲಿಲ್ಲ, ಕೇಳಬೇಕೆಂದು ಅವರಿಗೂ ತೋಚಲಿಲ್ಲ. ಉಗ್ರಾಣದಲ್ಲಿ ಕೆಂಪು ಎಂದರೆ ಹೊಡೆದುಹಾಕಿದ್ದು, ಲೆಕ್ಕದಿಂದ ಹೊರಗೆ. ಹಸಿರು ಎಂದರೆ ಜೋಪಾನ. ಮೇಷ್ಟ್ರ ಪ್ರಯೋಗಾಲಯದಲ್ಲಿ ಕೆಂಪು ಎಂದರೆ ಮುಟ್ಟಿದರೆ ಜೋಕೆ, ಕದಲಿಸಬೇಡ. ಹಸಿರು ಎಂದರೆ ಹೊರಡಬಹುದು. ಇಬ್ಬರಿಗೂ ತಮ್ಮ ಬಣ್ಣ ಸೂರ್ಯ ಮೂಡುವ ದಿಕ್ಕಿನಷ್ಟೇ ಖಚಿತ.

ಪ್ರಿಂಟರಿನ ನೆತ್ತಿಯ ಮೇಲೆ ಈಗ ಕೆಂಪು ಚೀಟಿ ಇತ್ತು.

ಸ್ಟೋರಮ್ಮ: ನೀವೇ ಕೆಂಪು ಹಚ್ಚಿದೀರಿ. ಮತ್ತೆ ಯಾಕೆ ತಬ್ಬಿಕೊಂಡು ನಿಂತಿದೀರಿ?

ಮೇಷ್ಟ್ರು: ಕೆಂಪು ಹಚ್ಚಿರೋದಕ್ಕೇ ತಬ್ಬಿಕೊಂಡಿರೋದು.

ಸ್ಟೋರಮ್ಮ: ಹಾಗಾದ್ರೆ ಸರಿ. ಕೊನೇ ಸಲ ತಬ್ಬಿಕೊಳ್ಳಿ, ಬೇಡ ಅನ್ನಲ್ಲ.

ಮೇಷ್ಟ್ರು: ಕೊನೇ ಸಲ ಯಾಕೆ, ದಿನಾ ಬಂದು ತಬ್ಬಿಕೊಳ್ತೀನಿ.

ಈ ಮನುಷ್ಯ ಲಾರಿಯ ಹಿಂದೆಯೇ ಊರು ಬಿಡುವ ಯೋಚನೆಯಲ್ಲಿದ್ದಾರೋ ಏನೋ ಎಂದುಕೊಂಡು ಸ್ಟೋರಮ್ಮ ಬಾಗಿಲು ತಳ್ಳಿ ಉಗ್ರಾಣದೊಳಗೆ ಇಣುಕಿದಳು. ಇಣುಕಿದವಳು ಹಾಗೇ ನಿಂತಳು. ನೆಲದಿಂದ ಸೂರಿನವರೆಗೆ ಹಸಿರೋ ಹಸಿರು. ಮೂಲೆಯಲ್ಲಿದ್ದ ನಾಲ್ಕು ಕಂಪ್ಯೂಟರು ಬಿಟ್ಟರೆ ಕೆಂಪು ಎನ್ನುವುದು ಮದ್ದಿಗೂ ಇರಲಿಲ್ಲ.

ಸ್ಟೋರಮ್ಮ: ಎಲ್ಲಕ್ಕೂ ಹಸಿರು ಹಚ್ಚಿದೀರಲ್ಲ ಸರ್. ಮನಸ್ಸಾದರೂ ಹೇಗೆ ಬಂತು ನಿಮಗೆ?

ಮೇಷ್ಟ್ರು: ಬರಲಿಲ್ಲ. ಕಷ್ಟಪಟ್ಟು ತಂದ್ಕೊಂಡೆ. ಒಂದೊಂದಕ್ಕೆ ಹಚ್ಚುವಾಗಲೂ ಕಣ್ಣಲ್ಲಿ ನೀರು.

ಸ್ಟೋರಮ್ಮ: ನೀರು ಯಾಕೆ? ಖುಷಿಗಾ?

ಮೇಷ್ಟ್ರು: ಖುಷಿ ಎಲ್ಲಿಂದ ಬರ್ಬೇಕು? ಎಲ್ಲಾ ನಿನ್ನ ಮುಖ ನೋಡ್ಕೊಂಡು ಮಾಡಿದ್ದು.

ಸ್ಟೋರಮ್ಮ: ನನ್ನ ಮುಖ ನೋಡ್ಕೊಂಡು ಇಂಥಾ ಕೆಲಸ ಮಾಡಿದ್ರಾ ಭಾವ?

ಮೇಷ್ಟ್ರು: ನಿಮ್ಮಕ್ಕನೂ ಹೇಳಿದ್ಳು.

ಸ್ಟೋರಮ್ಮ: ಅಕ್ಕನೂ ಸೇರ್ಕೊಂಡಿದಾಳಾ ಇದರಲ್ಲಿ?

ಅಕ್ಕ ಹೇಳಿದ್ದು ನಿಜ. ತನ್ನ ತಂಗಿ ಇನ್ನೊಂದು ದಿನ ಮೆಟ್ಟಿಲ ಕೆಳಗೆ ಕೂತರೆ ಗಂಡನಿಗೂ ಮನೆಯ ಮೆಟ್ಟಿಲ ಕೆಳಗೇ ಹಾಸಿಗೆ ಎಂದು ಬೆಳಿಗ್ಗೆ ಎಚ್ಚರಿಕೆ ಕೊಟ್ಟಿದ್ದಳು. ಇದನ್ನೆಲ್ಲ ಬಿಡಿಸಿ ಹೇಳಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಷ್ಟ್ರಿಗೆ ಪಾಠದ ಹೊತ್ತಾಗಿತ್ತು. ಎಲ್ಲವನ್ನೂ ಧಾರೆ ಎರೆದುಕೊಟ್ಟರೂ ಒಂದು ಒಳ್ಳೆಯ ಮಾತಿಲ್ಲವಲ್ಲ ಎಂದು ಗೊಣಗುತ್ತ ಅವರು ಕ್ಲಾಸಿಗೆ ನಡೆದರು.

ಇತ್ತ ಸ್ಟೋರಮ್ಮನ ಮೈಯೆಲ್ಲ ಉರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡುವುದಲ್ಲದೆ, ಅದನ್ನು ಉಪಕಾರ ಎಂದು ಬೇರೆ ಹೇಳಿಕೊಳ್ಳುವುದೇ? ಅವಳು ತೋಳೇರಿಸಿ ಒಳಗೆ ನುಗ್ಗಿದಳು. ಹಸಿರು ಚೀಟಿಗಳನ್ನು ಉಗುರಿನಿಂದ ಎಬ್ಬಿಸಿ ಪರಪರನೆ ಕಿತ್ತಳು, ಆ ಜಾಗಕ್ಕೆ ಕೆಂಪು ಒತ್ತಿದಳು. ನೆಲ ಆಗ ತಾನೇ ಒರೆಸಿದ್ದು, ಕಿತ್ತ ಚೀಟಿಯನ್ನು ಎಲ್ಲಿ ಎಸೆಯುವುದು? ಬಂದು ಬಂದು ತನ್ನ ಮೇಜಿನ ಅಂಚಿಗೂ ಕುರ್ಚಿಯ ಬೆನ್ನಿಗೂ ಸಾಲಾಗಿ ಮೆತ್ತಿದಳು. ಮೇಷ್ಟ್ರು ಪಾಠ ಮುಗಿಸಿ ಬರುವಷ್ಟರಲ್ಲಿ ಉಗ್ರಾಣ ಕೆಂಪಾಗಿತ್ತು, ಸ್ಟೋರಮ್ಮ ಏನೂ ಅರಿಯದವಳಂತೆ ಚಹಾ ಕುಡಿಯುತ್ತಿದ್ದಳು.

ಮೇಷ್ಟ್ರು ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಮೇಷ್ಟ್ರು: ಇದನ್ನೆಲ್ಲ ನೀನೇ ಮಾಡಿದ್ಯೇನಮ್ಮ?

ಸ್ಟೋರಮ್ಮ: ನಾನೇ ಮಾಡಿದ್ದು. ಏನೀಗ?

ಮೇಷ್ಟ್ರು: ಎಲ್ಲಕ್ಕೂ ಕೆಂಪು? ಆ ಕೊಳೆತ ಬ್ಯಾಟರಿಗೂ?

ಸ್ಟೋರಮ್ಮ: ಅದಕ್ಕೇ ಮೊದಲು ಹಚ್ಚಿದ್ದು.

ಮೇಷ್ಟ್ರು (ಅವಳ ಎರಡೂ ಕೈ ಹಿಡಿದು): ನಿನ್ನ ಮನಸ್ಸು ಇಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ.

ಸ್ಟೋರಮ್ಮ ಬೈಗುಳಕ್ಕೆ ಮೈ ಬಿಗಿ ಮಾಡಿಕೊಂಡು ಕೂತಿದ್ದವಳು. ಹೊಗಳಿಕೆ ಬಂದದ್ದಕ್ಕೆ ಚಹಾ ನೆತ್ತಿಗೇರಿತು.

ಸ್ಟೋರಮ್ಮ: ನಿಮಗೆ ಬೇಜಾರಿಲ್ವಾ?

ಮೇಷ್ಟ್ರು: ಬೇಜಾರಾ? ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಯ್ತು.

ಸ್ಟೋರಮ್ಮ: ಮತ್ತೆ ಇಷ್ಟು ದಿನ ಯಾಕೆ ಭಾವ ಹೀಗೆ ಒದ್ದಾಡಿದ್ರಿ? ಒಂದು ಮಾತು ಹೇಳಿದ್ರೆ ನಾನೇ ಹಚ್ತಿರಲಿಲ್ವಾ?

ಮೇಷ್ಟ್ರು: ನೀನು ಒಪ್ಪಲ್ಲ ಅಂದ್ಕೊಂಡಿದ್ದೆ.

ಸ್ಟೋರಮ್ಮ: ನಾನು? ನಾನು ಒಪ್ಪಲ್ವಾ?

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ಇಲ್ಲಿ ಎತ್ತೂ ಕೋಣವೂ ಒಬ್ಬರ ಬೆನ್ನು ಒಬ್ಬರು ತಟ್ಟುತ್ತ ಎಳೆಯುತ್ತಿದ್ದವು. ಲಾರಿ ಗೇಟಿಗೆ ಬಂದಿದೆ ಎಂದು ಕಾವಲುಗಾರ ಫೋನು ಮಾಡಿದ. ಸ್ಟೋರಮ್ಮ ಖುಷಿಯಲ್ಲಿ ಅರ್ಧ ಚಹಾ ಬಿಟ್ಟು ಓಡಿದಳು.

ಮೇಷ್ಟ್ರು ಅವಳ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತರು. ತಲೆಯ ಮೇಲೆ ಯಾರೋ ದಡದಡ ಮೆಟ್ಟಿಲು ಇಳಿದರು, ಸುಣ್ಣದ ಪುಡಿ ಚಹಾಕ್ಕೆ ಉದುರಿತು. ಇನ್ನೊಬ್ಬರು ಏರಿದರು, ಇನ್ನಷ್ಟು ಉದುರಿತು. ಪಾಪ, ಈ ಹುಡುಗಿ ದಿನಾ ಇಲ್ಲೇ ಕೂರುತ್ತಾಳೆ, ತನಗೆ ಬೇಜಾರಾಗುತ್ತದೆಂದು ಕಿಟಕಿಯ ಆಸೆಯನ್ನೂ ಬಿಟ್ಟುಕೊಟ್ಟು ಎಲ್ಲವನ್ನೂ ಉಳಿಸಿದ್ದಾಳೆ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು. ನಾಚಿಕೆ ಎಂದರೆ ಅಂಥಿಂಥದ್ದಲ್ಲ, ಊಟ ಸೇರದಷ್ಟು ನಾಚಿಕೆ. ಅವರು ಎದ್ದು ಹಸಿರು ಸುರುಳಿ ಹಿಡಿದು ಒಳಗೆ ಹೋದರು. ಕೆಂಪಿನ ಮೇಲೆ ಹಸಿರು, ಕೆಂಪಿನ ಮೇಲೆ ಹಸಿರು. ಜೀವ ಇದ್ದ ನಾಲ್ಕು ಕಂಪ್ಯೂಟರಿಗೆ ಮಾತ್ರ ಕೆಂಪು ಬಿಟ್ಟರು. ಕೊನೆಗೆ ಹೊಸ್ತಿಲ ಮೇಲಿನ ಪ್ರಿಂಟರಿನ ಬಳಿ ಬಂದಾಗ ಮಾತ್ರ ಕೈ ಮುಂದೆ ಹೋಗಲಿಲ್ಲ. ಅತ್ತಿತ್ತ ನೋಡಿ, ಅದರ ಕೆಂಪು ಚೀಟಿಯನ್ನೂ ಕಿತ್ತು, ಉಸಿರು ಬಿಗಿಹಿಡಿದು ಎತ್ತಿಕೊಂಡು ಹೋಗಿ ಓಣಿಯ ತುದಿಯಲ್ಲಿ ಪೊರಕೆ ಇಡುವ ಮೂಲೆಗೆ ಸೇರಿಸಿ ಮೇಲೆ ತಮ್ಮ ಕೋಟು ಹೊದಿಸಿದರು.

ಸ್ಟೋರಮ್ಮ ಲಾರಿಯವನನ್ನು ಕರೆದುಕೊಂಡು ಬಂದಳು. ಮೀಸೆ ದಪ್ಪ, ಮಾತು ಕಮ್ಮಿ. ಚೀಟಿ ಇರೋದು ನೋಡ್ಕೊಂಡು ತುಂಬಪ್ಪ, ಬಣ್ಣ ನೋಡ್ಕೋ ಎಂದು ಹೇಳುತ್ತಲೇ ಅವಳು ಬಾಗಿಲು ತೆರೆದಳು. ತೆರೆದು, ಕೈ ಬಾಗಿಲ ಮೇಲೆ ಇದ್ದ ಹಾಗೇ ತಿರುಗಿದಳು.

ಸ್ಟೋರಮ್ಮ: ಭಾವ.

ಮೇಷ್ಟ್ರು: ಏನೂ ಹೇಳ್ಬೇಡ. ನೀನು ಕೊಟ್ಟೆ, ನಾನು ವಾಪಸ್ ಕೊಟ್ಟೆ. ಲೆಕ್ಕ ಸಮ.

ಸ್ಟೋರಮ್ಮ: ಎಂಥಾ ಸಮ? ನಾನು ಉಗುರು ಸವೆಸಿ ಹಚ್ಚಿದ್ದೆಲ್ಲಾ ಮುಚ್ಚಿ ಮತ್ತೆ ಹಸಿರು ಹಚ್ಚಿದೀರಲ್ಲ, ಹೊಟ್ಟೆ ತುಂಬಿತಾ ನಿಮಗೆ? ನಾನು ಮೆಟ್ಟಿಲ ಕೆಳಗೇ ಸಾಯ್ಬೇಕಾ?

ಮೇಷ್ಟ್ರು: ಮೆಟ್ಟಿಲ ಕೆಳಗೆ ಕೂರಬಾರದು ಅಂತಾನೇ ಹಸಿರು ಹಚ್ಚಿರೋದು.

ಸ್ಟೋರಮ್ಮ: ಹಸಿರು ಹಚ್ಚಿದ್ರೆ ಎಲ್ಲಾ ಇಲ್ಲೇ ಇರುತ್ತಲ್ಲ ಭಾವ.

ಮೇಷ್ಟ್ರು: ಇಲ್ಲೇ ಯಾಕಿರುತ್ತೆ? ಹಸಿರು ಅಂದ್ರೆ ಹೋಗು. ಬೀದೀಲಿ ಸಿಗ್ನಲ್ ದೀಪ ನೋಡಿಲ್ವಾ ನೀನು?

ಸ್ಟೋರಮ್ಮ: ಇದು ಬೀದಿ ಅಲ್ಲ, ಉಗ್ರಾಣ. ಕೆಂಪು ಅಂದ್ರೆ ಹೊರಗೆ.

ಮೇಷ್ಟ್ರು: ಕೆಂಪು ಅಂದ್ರೆ ಮುಟ್ಟಬೇಡ.

ಬೆಳಗಿನಿಂದ ಆಡಿದ ಒಂದೊಂದು ಮಾತೂ ಸ್ಟೋರಮ್ಮನ ತಲೆಯಲ್ಲಿ ಹಿಂದುಮುಂದಾಗಿ ಮಗುಚಿಕೊಳ್ಳುತ್ತ ಬಂತು. ಕಣ್ಣಲ್ಲಿ ನೀರು ಅಂದದ್ದು. ನಿನ್ನ ಮುಖ ನೋಡ್ಕೊಂಡು ಅಂದದ್ದು. ಒಂದು ಸ್ಕ್ರೂ ಕೂಡ ಬಿಸಾಡದ ಮನುಷ್ಯ ಒಂದೇ ದಿನದಲ್ಲಿ ಎರಡು ಸಲ ಎಲ್ಲವನ್ನೂ ಬಿಟ್ಟುಕೊಟ್ಟಿದ್ದರು, ಎರಡು ಸಲವೂ ಅವಳಿಂದ ಬೈಸಿಕೊಂಡಿದ್ದರು. ಅವಳಿಗೆ ಅಳು ಬಂತು. ಅದಕ್ಕಿಂತ ಮುಂಚೆ ನಗು ಬಂತು. ಗೋಡೆಗೆ ಒರಗಿ ಹೊಟ್ಟೆ ಹಿಡಿದು ನಕ್ಕಳು. ಮೇಷ್ಟ್ರು ಸ್ವಲ್ಪ ಹೊತ್ತು ಗಂಭೀರವಾಗಿರಲು ಪ್ರಯತ್ನಪಟ್ಟರು. ಆಮೇಲೆ ಅವರ ಜೇಬಿನಿಂದ ಸ್ಕ್ರೂಡ್ರೈವರ್ ಕೆಳಗೆ ಬೀಳುವಷ್ಟು ನಕ್ಕರು.

ಹೀಗೆ ಇಬ್ಬರೂ ಓಣಿಯಲ್ಲಿ ನಗುತ್ತ, ನಾನು ಹೀಗಂದ್ಕೊಂಡೆ, ನಾನು ಹಾಗಂದ್ಕೊಂಡೆ ಎಂದು ಮೊದಲಿನಿಂದ ಕಥೆ ಹೇಳಿಕೊಳ್ಳುತ್ತಿರುವಾಗ ಲಾರಿಯವನು ಮತ್ತವನ ಜೊತೆಗಾರರು ಬಂದು ಹೋಗಿ, ಬಂದು ಹೋಗಿ ಮಾಡುತ್ತಲೇ ಇದ್ದರು. ಕಥೆ ಮುಗಿದು ಕಣ್ಣೊರೆಸಿಕೊಂಡು ನೋಡಿದರೆ ಲಾರಿಯವನು ಕೈ ಒರೆಸಿಕೊಳ್ಳುತ್ತಿದ್ದ.

ಲಾರಿಯವನು: ಆಯ್ತಮ್ಮ.

ಸ್ಟೋರಮ್ಮ: ಏನು ಆಯ್ತು? ಯಾವ ಬಣ್ಣದ್ದು ತುಂಬಿದೆ?

ಲಾರಿಯವನು: ಎಲ್ಲಾ ಒಂದೇ ಬಣ್ಣ ಇತ್ತಲ್ಲ.

ಮೇಷ್ಟ್ರು: ಒಂದೇ ಬಣ್ಣವಾ? ಮೂಲೇಲಿ ನಾಲ್ಕಕ್ಕೆ ಕೆಂಪು ಇತ್ತಲ್ಲಪ್ಪ.

ಲಾರಿಯವನು: ಕೆಂಪು, ಹಸಿರು ಎರಡೂ ನನ್ನ ಕಣ್ಣಿಗೆ ಒಂದೇ ಸರ್. ಹುಟ್ಟಿದಾಗಿಂದ ಹಾಗೇ.

ಸ್ಟೋರಮ್ಮ: ಹಾಗಾದ್ರೆ ಸಿಗ್ನಲ್ ದೀಪಕ್ಕೆ ಏನಪ್ಪ ಮಾಡ್ತೀಯ?

ಲಾರಿಯವನು: ಮೇಲಿಂದು ಉರಿದ್ರೆ ನಿಲ್ಲೋದು, ಕೆಳಗಿಂದು ಉರಿದ್ರೆ ಹೊರಡೋದು. ನೀವೂ ಚೀಟಿನ ಮೇಲೆ ಕೆಳಗೆ ಅಂತ ಹಚ್ಚಿದ್ರೆ ಗೊತ್ತಾಗ್ತಿತ್ತು.

ಮೇಷ್ಟ್ರು ಶಾಲೆಯ ಮಕ್ಕಳ ನಾಲ್ಕು ಕಂಪ್ಯೂಟರು ಹೋಯಿತಲ್ಲ ಎಂದು ಲಾರಿಯ ಕಡೆ ಓಡಲು ಹೊರಟರು. ಲಾರಿಯವನು ಸಮಾಧಾನ ಹೇಳಿದ. ತಮ್ಮ ಶೆಡ್ಡಿನಲ್ಲಿ ಬಿಚ್ಚುವ ಮುಂಚೆ ಪ್ರತಿಯೊಂದಕ್ಕೂ ಕರೆಂಟು ಕೊಟ್ಟು ನೋಡುತ್ತಾರೆ, ಜೀವ ಇರುವುದನ್ನು ಬೇರೆ ಇಟ್ಟು ಶಾಲೆಗಳಿಗೆ ಅವರೇ ಕಳಿಸುತ್ತಾರೆ, ಯಾವ ವಿಶ್ವವಿದ್ಯಾಲಯದವರ ಚೀಟಿಯನ್ನೂ ಅವರು ನಂಬುವುದಿಲ್ಲ. ಅಂದರೆ ಚೀಟಿ ಹಚ್ಚುವ ಅಗತ್ಯವೇ ಇರಲಿಲ್ಲ.

ಲಾರಿಯವನು: ಇನ್ನೊಂದು ಬಾಕಿ ಇದೆ. ಹತ್ತಿಸೋದಾ ಬೇಡ್ವಾ ಅಂತ ಕೇಳೋಣ ಅಂತ ನಿಂತೆ.

ಅವನು ತೋರಿಸಿದ್ದು ಮೇಷ್ಟ್ರ ಬೆನ್ನನ್ನು. ಸ್ಟೋರಮ್ಮನ ಕುರ್ಚಿಯಲ್ಲಿ ಒರಗಿ ಕೂತಾಗ ಅಂಟಿದ ಮೂರು ಚೀಟಿ ಅಂಗಿಯ ಮೇಲೆ ಸಾಲಾಗಿದ್ದವು. ಅಷ್ಟರಲ್ಲಿ ಸ್ಟೋರಮ್ಮನ ಫೋನು ಹಾಡಿತು, ಅಕ್ಕ. ಉಗ್ರಾಣ ಖಾಲಿಯಾಯಿತೇ ಎಂದು ಕೇಳಲು ಮಾಡಿದ್ದಳು. ಸ್ಟೋರಮ್ಮ ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಎತ್ತಿ ಹಿಡಿದಳು.

ಸ್ಟೋರಮ್ಮ: ಅಕ್ಕ, ಎಲ್ಲಾ ಹೋಯ್ತು. ಭಾವನ ಬೆನ್ನಿಗೂ ಚೀಟಿ ಇದೆ. ಕಳಿಸೋದಾ ಅಂತ ಲಾರಿಯವರು ಕೇಳ್ತಿದಾರೆ.

ಅಕ್ಕ: ಕಳಿಸಿದ್ರೆ ಏನ್ಮಾಡ್ತಾರಂತೆ?

ಸ್ಟೋರಮ್ಮ: ಶೆಡ್ಡಲ್ಲಿ ಕರೆಂಟ್ ಕೊಟ್ಟು ನೋಡ್ತಾರಂತೆ.

ಅಕ್ಕ: ಕೆಲಸ ಮಾಡೋ ಹಾಗಿದ್ರೆ ವಾಪಸ್ ಕಳಿಸೋಕೆ ಹೇಳು. ಮನೇಲಿ ಕೆಲಸ ಇದೆ.

ಲಾರಿ ಹೊರಟುಹೋಯಿತು, ಮೇಷ್ಟ್ರನ್ನು ಬಿಟ್ಟು. ಸ್ಟೋರಮ್ಮ ಒಬ್ಬಳೇ ಉಗ್ರಾಣದೊಳಗೆ ಕಾಲಿಟ್ಟಳು. ಗೋಡೆಯ ಮೇಲೆ ನಿಜವಾಗಿಯೂ ಒಂದು ಕಿಟಕಿ ಇತ್ತು. ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದು, ಗಾಜಿನ ಮೇಲೆ ಬೆರಳು ದಪ್ಪ ಧೂಳು. ಅಗಣಿ ಎಳೆದು ತೆರೆದಾಗ ಗಾಳಿ ಬಂತು, ಹೊರಗೆ ಸೈಕಲ್ಲು ನಿಲ್ಲಿಸುವ ಜಾಗ, ಒಂದು ಮರ, ಮರದ ಕೆಳಗೆ ಓದುವ ನೆಪದಲ್ಲಿ ಮಲಗಿದ್ದ ಹುಡುಗರು. ಎಷ್ಟೋ ಕಾಲದ ಮೇಲೆ ಅವಳು ಕೂತಲ್ಲಿಂದ ಮನುಷ್ಯರ ಮುಖ ನೋಡಬಹುದಾಗಿತ್ತು. ಅವಳಿಗೆ ತುಂಬ ಸಂತೋಷವಾಯಿತು. ಕೂತು ನೋಡೋಣ ಎಂದು ಮೇಜು ಕುರ್ಚಿ ತರಲು ಮೆಟ್ಟಿಲ ಕೆಳಗೆ ಹೋದಳು.

ಅಲ್ಲಿ ಅರ್ಧ ಚಹಾದ ಲೋಟ ನೆಲದ ಮೇಲಿತ್ತು. ಬೇರೇನೂ ಇರಲಿಲ್ಲ. ಕಿತ್ತ ಚೀಟಿಗಳನ್ನೆಲ್ಲ ತಾನು ಎಲ್ಲಿಗೆ ಮೆತ್ತಿದ್ದೆ ಎನ್ನುವುದು ಅವಳಿಗೆ ಆಗ ನೆನಪಾಯಿತು.

ಸ್ಟೋರಮ್ಮ: ಭಾವ, ನನ್ನ ಮೇಜು, ಕುರ್ಚಿ?

ಮೇಷ್ಟ್ರು: ಶೆಡ್ಡಲ್ಲಿ ಕರೆಂಟ್ ಕೊಟ್ಟು ನೋಡ್ತಾರೆ. ಕಳಿಸ್ತಾರೆ ಬಿಡು.

ಅಷ್ಟು ಹೇಳಿ ಮೇಷ್ಟ್ರು ಓಣಿಯ ತುದಿಗೆ ಹೋದರು. ಬರುವಾಗ ಎರಡೂ ಕೈಯಲ್ಲಿ, ಕೋಟು ಹೊದ್ದುಕೊಂಡಿದ್ದ ಏನನ್ನೋ ಹೊತ್ತು ಏದುಸಿರು ಬಿಡುತ್ತ ಬಂದರು. ಕಿಟಕಿಯ ಕೆಳಗೆ ಇಳಿಸಿ, ಕೋಟು ತೆಗೆದು, ಅದರ ಅಗಲ ಬೆನ್ನನ್ನು ತೋಳಿನಿಂದ ಒರೆಸಿದರು. ಯಾವ ಬಣ್ಣದ ಚೀಟಿಯೂ ಇಲ್ಲದ ಪ್ರಿಂಟರು ನಾಲ್ಕು ರಬ್ಬರ್ ಪಾದ ಊರಿ ನಿಂತಿತು.

ಮೇಷ್ಟ್ರು: ಕೂತ್ಕೊಳಮ್ಮ. ಕೆಲಸಕ್ಕೆ ಬರಲ್ಲ ಅಂತಿದ್ದೆಯಲ್ಲ.

ಸ್ಟೋರಮ್ಮನಿಗೆ ಬೈಯಲು ಮನಸ್ಸು ಬರಲಿಲ್ಲ. ಬಟ್ಟೆ ಸರಿಮಾಡಿಕೊಂಡು, ಸಿಂಹಾಸನ ಏರುವವಳ ಹಾಗೆ ಕೂತಳು. ಎತ್ತರ ಹೇಳಿ ಮಾಡಿಸಿದ ಹಾಗಿತ್ತು. ಮುಖಕ್ಕೆ ಗಾಳಿ ಬಂತು. ಆಗ ಕೆಳಗಿನಿಂದ ಲಟಕ್ ಎಂದು ಒಂದು ಸದ್ದು ಬಂತು.

ಸ್ಟೋರಮ್ಮ: ಭಾವ, ಒಳಗೇನೋ ಮುರೀತು.

ಮೇಷ್ಟ್ರು: ಈಗ ಮುರೀತು ಅಂದ್ರೆ, ಇಷ್ಟು ದಿನ ಚೆನ್ನಾಗೇ ಇತ್ತು ಅಂತ ನೀನೇ ಒಪ್ಕೊಂಡ ಹಾಗಾಯ್ತು.